ಹುಳುಮನೆಯ ಗೋಡೆ

ಮುಳಬಾಗಿಲು ತಾಲ್ಲೂಕು
8-12-2024

ಅಕ್ಕ ಗಂಗಾಲಕ್ಷ್ಮಿಗೆ,

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಈ ಕಾಗದ. ಪೂರ್ತಿ ಓದಿ ಆಮೇಲೆ ಬೈಯಿ.

ಸುನಂದಳ ತಟ್ಟೆ, ಹಾಸಿಗೆ ಬೇರೆ ಮಾಡಿದ್ದೀಯಂತೆ. ಒಂಬತ್ತನೇ ಕ್ಲಾಸಿನ ಹುಡುಗಿ, ಫೋನಿನಲ್ಲಿ ಅತ್ತಳು. ಅವಳ ಕೆನ್ನೆಯ ಗಾಯ ಮುಟ್ಟಿದರೆ ಅಂಟುವುದಿಲ್ಲ ಎಂದು ಕೋಲಾರದ ಡಾಕ್ಟರು ನಿನ್ನ ಎದುರಿಗೇ ಹೇಳಲಿಲ್ಲವೇ? ಮಾಲೂರಿನಲ್ಲಿ ಮೂರು ತಿಂಗಳು ಹುಳುಕಡ್ಡಿ ಮುಲಾಮು ಹಚ್ಚಿದಿರಿ. ನಿನ್ನ ಅತ್ತೆ ನಾಗದೋಷ ಎಂದು ಅರಿಶಿನ ಮೆತ್ತಿದರು. ಗಾಯ ಕೆರೆದು ಪರೀಕ್ಷೆ ಮಾಡಿದ ಮೇಲೆ ತಾನೇ ಗೊತ್ತಾಗಿದ್ದು, ಮರಳುನೊಣ ಕಚ್ಚಿ ಬಂದದ್ದೆಂದು. ಸೊಳ್ಳೆಗಿಂತ ಚಿಕ್ಕದು, ಸದ್ದೇ ಇಲ್ಲ. ಗಾಯದ ಸುತ್ತ ಸೂಜಿ ಹಾಕಿಸಬೇಕು. ಎರಡು ಹಾಕಿಸಿ, ಉರಿ ಎಂದು ಅತ್ತಳೆಂದು ನಿಲ್ಲಿಸಿದ್ದೀಯ. ವಾಸಿಯಾಗುವ ಕಾಯಿಲೆಯನ್ನು ಮಗಳ ಮುಖದ ಮೇಲೆ ಬೆಳೆಸುತ್ತಿದ್ದೀಯಲ್ಲ ಅಕ್ಕ.

ಆ ನೊಣ ನಮ್ಮ ಮನೆಯದು. ಯಜಮಾನರು ತೀರಿಕೊಂಡ ಮೇಲೆ ನನಗೆ ಜೊತೆಯಾಗಲಿ ಎಂದು ಬೇಸಿಗೆ ರಜಕ್ಕೆ ಅವಳನ್ನು ನೀನೇ ಕಳಿಸಿದೆ. ಸೆಖೆಗೆ ಇಬ್ಬರೂ ರೇಷ್ಮೆ ಸಾಕುವ ಹುಳುಮನೆಯ ಜಗುಲಿಯಲ್ಲಿ ಮಲಗುತ್ತಿದ್ದೆವು. ಅಷ್ಟರಲ್ಲಾಗಲೇ ಊರಲ್ಲಿ ಇಬ್ಬರಿಗೆ ಇಂಥ ಗಾಯ ಆಗಿತ್ತು. ಆರೋಗ್ಯ ಇಲಾಖೆಯ ಅಶ್ವತ್ಥಪ್ಪ ಪಂಪು ಹೊತ್ತು ಬಂದ. "ಗೋಡೆ ಬಿರುಕಲ್ಲೇ ಅವು ಕೂತಿರೋದು ಕಣಕ್ಕ. ಔಷಧಿ ಹೊಡೀತೀನಿ, ಆಮೇಲೆ ಮಣ್ಣು ಮೆತ್ತಿಬಿಡಿ" ಅಂದ. ರೇಷ್ಮೆಹುಳು ಜ್ವರಕ್ಕೆ ಕೂತಿವೆ, ಪೊರೆ ಬಿಡುವ ಹೊತ್ತು, ಔಷಧಿ ಗಾಳಿ ಸೋಕಿದರೂ ಒಂದೂ ಉಳಿಯುವುದಿಲ್ಲ ಎಂದು ಬಾಗಿಲು ಹಾಕಿಕೊಂಡೆ.

"ಹುಳ ಉಳಿಸ್ಕೊಳ್ಳಿ, ಜನಾನ ಕಚ್ಚಿಸಿ" ಎಂದು ಗೊಣಗುತ್ತಾ ಹೋದ. ಇನ್ನೂ ಎರಡು ಸಲ ಬಂದ. ಅದೇ ಮಾತು ಹೇಳಿ ಕಳಿಸಿದೆ. ಈಗ ಊರಲ್ಲಿ ಆರು ಜನಕ್ಕೆ ಗಾಯ.

ತಪ್ಪು ನನ್ನದು, ಮಗುವಿನದಲ್ಲ. ಮುಂದಿನ ವಾರ, ಹದಿನಾರರ ಸೋಮವಾರ, ಮೊದಲ ಬಸ್ಸಿಗೆ ಬರುತ್ತೇನೆ. ಸೂಜಿಗೆ ಅವಳನ್ನು ಕೋಲಾರಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ನನ್ನ ಹಾಗೆ ನೀನೂ ಬಾಗಿಲು ಹಾಕಬೇಡ.

ನಿನ್ನ ತಂಗಿ,
ಮುನಿಲಕ್ಷ್ಮಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ಮೂರು ಸಲವೂ ಹುಳುಮನೆ ಖಾಲಿ ಇತ್ತು. ಯಜಮಾನರು ಹೋದ ಮೇಲೆ ನಾನು ಹುಳು ತಂದೇ ಇಲ್ಲ. ಆ ಗೋಡೆಗೆ ಕೊನೆಯ ಸಲ ಕೆಮ್ಮಣ್ಣು ಮೆತ್ತಿದವರು ಇವರು. ಇವರ ಬೆರಳಿನ ಗೆರೆಗಳು ಅದರಲ್ಲಿ ಹಾಗೇ ಇದ್ದವು. ಸುನಂದಳಿಗೆ ಎಲ್ಲ ಗೊತ್ತು. ಇಷ್ಟು ಬೈಸಿಕೊಂಡರೂ ನಿನಗೆ ಹೇಳಿಲ್ಲ. ನಿನ್ನೆ ಅಶ್ವತ್ಥಪ್ಪನನ್ನು ಕರೆಸಿ ಔಷಧಿ ಹೊಡೆಸಿದೆ. ಇವತ್ತು ಬಿರುಕು ಮುಚ್ಚಿದೆ. ಕಿಟಕಿಯ ಪಕ್ಕ ಆ ಗೆರೆಗಳಿದ್ದ ಒಂದು ಅಂಗೈಯಗಲ ಬಿಟ್ಟಿದ್ದೆ. ಈ ಕಾಗದಕ್ಕೆ ಕೂರುವ ಮೊದಲು ಅದನ್ನೂ ಮೆತ್ತಿ ಬಂದೆ.