ಅಮ್ಮನ ಬದಿಯ ಬ್ರೇಕು

ಜೂನ್ 2, ಸೋಮವಾರ. ಬೆಳಿಗ್ಗೆ

ಎಂದಿನಂತೆ ಮುತ್ತಜ್ಜಿಗೆ ಸ್ನಾನ. ಎರಡು ಬಕೆಟ್ ನೀರು, ಒಂದು ಹರಿದ ಬನೀನು. ಮುತ್ತಜ್ಜಿ ಅಂದರೆ ನಮ್ಮ ಕಾರು. ಲೋಕಕಲ್ಯಾಣಾರ್ಥವಾಗಿ ಆಕೆಯ ಚರಿತ್ರೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ತವರು ಜಪಾನ್. ಎತ್ತರ ನನ್ನ ಭುಜದವರೆಗೆ. ಸಿಲಿಂಡರ್ ಮೂರು, ಕೆಮ್ಮು ಬೇರೆ. ಒಂದು ಕಾಲದಲ್ಲಿ ಬೀದಿಗೆರಡು ಇದ್ದವಂತೆ. ಆಮೇಲೆ ಜನಕ್ಕೆ ದೊಡ್ಡ ಗಾಡಿಯ ಹುಚ್ಚು ಹಿಡಿಯಿತು, ಕಂಪನಿ ಈ ಮಾಡೆಲನ್ನೇ ನಿಲ್ಲಿಸಿತು. ನಾನಾಗ ಎರಡನೇ ಕ್ಲಾಸು. ಅಪ್ಪ ಅವತ್ತು ಊಟ ಮಾಡಲಿಲ್ಲ. ಈಗ ಬಿಡಿಭಾಗಕ್ಕೆ ಗುಜರಿಯೇ ಗತಿ. ಗುಜರಿಯವನೂ ಈ ವರ್ಷ ಕೈಯೆತ್ತಿದ.

ಈಕೆಯಲ್ಲೇ ಅಪ್ಪ ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದ್ದು. ಅದಕ್ಕೇ ಪಕ್ಕದ ಸೀಟಿನ ಕಾಲಡಿಯಲ್ಲೂ ಒಂದು ಬ್ರೇಕು — ಶಿಷ್ಯರು ಕಂಬ ತಬ್ಬಿಕೊಳ್ಳಲು ಹೊರಟರೆ ಗುರುಗಳು ತುಳಿಯಲೆಂದು. ಹೋದ ವರ್ಷ ಡ್ರೈವಿಂಗ್ ಸ್ಕೂಲ್ ಮುಚ್ಚಿದರು. "ಸಾಕಾಯ್ತಮ್ಮ, ಸೊಂಟ ಹೋಯ್ತು" ಅಂದರು. ಈಗ ಆ ಸಿಂಹಾಸನ ಅಮ್ಮನದು.

ಸಂಜೆ

ಮಾರ್ಕೆಟ್ಟಿಗೆ ಹೋಗಿ ಬಂದೆವು. ಹಿಂದಿನ ಸೀಟಿನಿಂದ ನನ್ನ ಸಂಶೋಧನೆ: ಅಮ್ಮನ ಕಾಲು ಒಂದು ಗಳಿಗೆ ಸುಮ್ಮನಿರಲ್ಲ. ನಾಯಿ ಕಂಡರೆ ತುಳಿತ. ಸೈಕಲ್ ಕಂಡರೆ ತುಳಿತ. ಜೊತೆಗೆ ಬಾಯಿ — "ರೀ, ಎಡಗಡೆ ಸೈಕಲ್ಲು... ರೀ, ಮುಂದೆ ಅಜ್ಜ... ರೀ, ಕೆಂಪು ಬಿತ್ತು..." ಅಪ್ಪ ಎಲ್ಲಕ್ಕೂ "ಹ್ಞೂಂ, ಹ್ಞೂಂ." ಪಾಪದ ಪ್ರಾಣಿ. ನ್ಯಾಯ ಒದಗಿಸಲೇಬೇಕು.

ಜೂನ್ 4, ಬುಧವಾರ

ಕಾರ್ಯಸಿದ್ಧಿ. ಅಮ್ಮನ ಪೆಡಲನ್ನು ಅಪ್ಪನ ಬ್ರೇಕಿಗೆ ಜೋಡಿಸುವ ಸರಳಿದೆ. ಅದನ್ನು ಹಿಡಿದಿಡುವುದು ಕಿರುಬೆರಳಷ್ಟು ಉದ್ದದ ಒಂದು ಪಿನ್. ಎಳೆದೆ. ಬಂತು. ಜೇಬಿಗೆ ಹಾಕಿಕೊಂಡೆ. ಅಪ್ಪನ ಬ್ರೇಕು ಎರಡೆರಡು ಸಲ ಒತ್ತಿ ನೋಡಿದೆ, ಸರಿಯಿದೆ. ನಾನು ಕಪಿಯೇ ಹೊರತು ಕೊಲೆಗಾರ್ತಿಯಲ್ಲ.

ನಾಳೆ ಅಮ್ಮ ದಾರಿಯುದ್ದಕ್ಕೂ ಗಾಳಿ ತುಳಿಯುತ್ತಾಳೆ. ಬಂದ ಮೇಲೆ ಪಿನ್ನನ್ನು ತಟ್ಟೆಯಲ್ಲಿಟ್ಟು ಸನ್ಮಾನ. ಭಾಷಣ ಸಿದ್ಧವಾಗಿದೆ.

ಜೂನ್ 5. ಹತ್ತು ಗಂಟೆ

ಅಕ್ಷರ ಸೊಟ್ಟ.

ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ನಗು ತಡೆದುಕೊಂಡು. ಮುತ್ತಜ್ಜಿ ಗೇಟು ದಾಟಿದಳು. ತಿರುಗಬೇಕಿತ್ತು... ತಿರುಗಲಿಲ್ಲ. ಸೀದಾ ಎದುರುಮನೆ ಟೈಲರ್ ಅಂಗಡಿಗೆ. ಅಮ್ಮ "ರೀ ಗೋಡೆ! ಗೋಡೆ!" ಅಂತ ಕಿರುಚುತ್ತಾ ತುಳಿಯುತ್ತಲೇ ಇದ್ದಳು.

ಅಪ್ಪ ತುಳಿಯಲಿಲ್ಲ.

ಗೋಡೆಗೆ ಗುದ್ದಿಯೇ ನಿಂತಿದ್ದು. ಟೈಲರ್ ದಾರ ತರಲು ಆಗಷ್ಟೇ ಒಳಗೆ ಹೋಗಿದ್ದ. ಅವನು ಕೂರುವ ಸ್ಟೂಲು ಪುಡಿಪುಡಿ. ಹೊರಗೆ ಬಂದು ಸ್ಟೂಲನ್ನೇ ನೋಡುತ್ತಾ ನಿಂತ.

ಓಡಿ ಹೋಗಿ ಬಾಗಿಲು ತೆರೆದೆ. ಯಾರಿಗೂ ಗಾಯವಿಲ್ಲ. ಅಪ್ಪ ಅಮ್ಮನ ಕಡೆ ತಿರುಗಿ ಕೇಳಿದರು — "ನೀನ್ಯಾಕೆ ಬ್ರೇಕ್ ಹಾಕ್ಲಿಲ್ಲ?"

ನೀನ್ಯಾಕೆ.

ಅಮ್ಮನನ್ನು ಕೇಳಿದರು.

ಮಧ್ಯಾಹ್ನ

ಅಡುಗೆಮನೆಯಲ್ಲಿ ಅಮ್ಮನ ಮುಂದೆ ಪಿನ್ ಇಟ್ಟೆ. ತಟ್ಟೆಯಿಲ್ಲ, ಭಾಷಣವಿಲ್ಲ. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ನೆಲದ ಮೇಲೆ ಕೂತಳು.

"ಸ್ಕೂಲ್ ಮುಚ್ಚಿದ್ದು ಸೊಂಟಕ್ಕಲ್ಲ ಕಣೆ. ಕಣ್ಣಿಗೆ. ನಡುವೆ ಏನೂ ಕಾಣಲ್ಲ ಅವರಿಗೆ. ಅಂಚಲ್ಲಿ ಒಂಚೂರು ಅಷ್ಟೆ. ಡಾಕ್ಟ್ರು, ಇನ್ನು ವಾಪಸ್ ಬರಲ್ಲ ಅಂದ್ರು."

"ಮತ್ತೆ ಇಷ್ಟು ದಿನ?"

"ಸ್ಟಿಯರಿಂಗ್ ಅವರದು. ಕಣ್ಣು, ಕಾಲು ನಂದು."

ನಾನು ಹಿಂದೆ ಕೂತು ಕಡಲೆಬೀಜ ತಿನ್ನುತ್ತಾ ನಗುತ್ತಿದ್ದೆನಲ್ಲ... ಅಷ್ಟೂ ದಿನ...

"ಹುಚ್ಚಾ ಅಮ್ಮ ನಿಂಗೆ? ಇವತ್ತು ಟೈಲರ್ ಸಾಯ್ತಿದ್ದ! ನಾಳೆ ಯಾವುದಾದ್ರೂ ಮಗು ಅಡ್ಡ ಬಂದ್ರೆ?"

"ಗೊತ್ತು. ಬೇಡ ಅನ್ನೋಕೆ ಬಾಯೇ ಬರಲ್ಲ ನಂಗೆ. ನೀನು ಹೇಳ್ತೀಯಾ?"

ಊರಿಗೆಲ್ಲ ಹೆಸರಿಡುವ ಬಾಯಿ ನನ್ನದು. ಕೈ ಮಾತ್ರ ಪಿನ್ನಿನ ಕಡೆ ಹೋಯಿತು. ಪಿನ್ ಮತ್ತೆ ಜೇಬಿಗೆ.

ಜೂನ್ 14, ಶನಿವಾರ. ನಾಲ್ಕು ಗಂಟೆ

ಟೈಲರಿಗೆ ಹೊಸ ಸ್ಟೂಲ್ ಕೊಟ್ಟಾಯ್ತು. ಬಂಪರನ್ನು ಅಪ್ಪನೇ ಬಡಿದು ನೇರ ಮಾಡಿದರು, ಕೈಯಲ್ಲಿ ಸವರಿ ಸವರಿ. ಆಮೇಲೆ ಶೆಡ್ಡಿನಿಂದಲೇ ಕೂಗಿದರು.

"ಕಪಿ, ಆ ಪಿನ್ ಹಾಕಿಬಿಡು. ನಾಳೆ ನಮ್ಮಕ್ಕನ ಮನೆಗೆ ಹೋಗೋಣ."

ಅಷ್ಟೇ. ಅಮ್ಮ ಎಲ್ಲ ಹೇಳಿದ್ದಾಳೆ, ಆದರೂ ಬೈಗುಳವಿಲ್ಲ. ಬೈದಿದ್ದರೆ ಸುಲಭವಿತ್ತು.

"ಕಳೆದುಹೋಯ್ತಪ್ಪ" ಅಂದೆ. ಹೇಗೆ ಬಂತೋ ಬಾಯಿಗೆ.

ಅಪ್ಪ ಸುತ್ತಿಗೆ ಕೆಳಗಿಟ್ಟರು. "ಕಂಪನಿ ನಿಲ್ಲಿಸಿರೋ ಗಾಡಿ ಕಣಮ್ಮ. ಇನ್ನೆಲ್ಲೂ ಸಿಗಲ್ಲ."

"ಲೇತ್ ಅಂಗಡಿಲಿ ಹೊಸದು ಕಡೆಸಿದ್ರೆ?" ಈ ಹಾಳು ಬಾಯಿ.

"ಒಂದ್ಸಲ ಮಾಡಿಸಿದ್ದು ಮುರೀತು. ನಿಮ್ಮಮ್ಮನ ಕಾಲಡಿಗೆ ಅಂಥದ್ದು ಹಾಕಲ್ಲ ನಾನು."

ಹಾಗೆಂದವರು ಮಂಡಿಯೂರಿ ಶೆಡ್ಡಿನ ನೆಲ ತಡಕತೊಡಗಿದರು. ಎರಡೂ ಅಂಗೈ ಅಗಲಿಸಿ. ಟೈರಿನ ಕೆಳಗೆ, ಎಣ್ಣೆ ಕಲೆಯ ಮೇಲೆ, ಗೋಡೆಯ ಮೂಲೆಯಲ್ಲಿ. ನೋಡಲಾಗದೆ ಮೆಟ್ಟಿಲಿಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಅಮ್ಮ ಬಂದಳು. ಅಪ್ಪನನ್ನು ನೋಡಿದಳು. ನನ್ನ ಜೇಬು ನೋಡಿದಳು.

ಹೋಗಿ ಅಪ್ಪನ ಪಕ್ಕ ಕೂತಳು. ತಾನೂ ನೆಲ ತಡಕುತ್ತಿದ್ದಾಳೆ.

"ಈ ಕಡೆ ಇಲ್ಲ ರೀ" ಅನ್ನುತ್ತಿದ್ದಾಳೆ.

ಅಪ್ಪ ಕರೆಯುತ್ತಿದ್ದಾರೆ. "ಬಾರೇ ಇಲ್ಲಿ, ನಿನ್ ಕಣ್ಣು ಚುರುಕು, ನೀನೊಂದ್ಸಲ ನೋಡು" ಅಂತ. ಹೋಗಬೇಕು. ಹೋಗಿ ನಾನೂ "ಇಲ್ಲ" ಅನ್ನಬೇಕು.