ಬೋರಲು ಹಾಕಿದ ಗಂಗಾಳ

ನವೆಂಬರ್ 12, ಬುಧವಾರ

ಇವತ್ತೂ ಕೂದಲಿನ ಸಿಕ್ಕು ಬಿಡಿಸುವ ಕೆಲಸ. ಭಾಗ್ಯನಗರದ ಗೋಡೌನಿನಲ್ಲಿ ಫ್ಯಾನ್ ಹಾಕುವ ಹಾಗಿಲ್ಲ, ಕೂದಲು ಹಾರುತ್ತದೆ. ಬೆವರು, ಧೂಳು, ಕೆಮ್ಮು. ಊರೂರು ತಿರುಗಿ, ಸ್ಟೀಲ್ ಪಾತ್ರೆ ಕೊಟ್ಟು ಕೂದಲು ತರುವವರು ನಮ್ಮ ಓಣಿಯ ಗಂಡಸರು. ಬಿಡಿಸುವವರು ನಾವು.

ಮಧ್ಯಾಹ್ನ ಪಕ್ಕದಲ್ಲಿ ಗುಲ್ಶನ ರೀಲ್ಸ್ ನೋಡುತ್ತ ಕೂತಿದ್ದಳು. ಒಮ್ಮೆಲೇ ಅವ್ವನ ದನಿ. ಕೈ ನಿಂತಿತು.

ಅಣ್ಣ ಲಾರಿಗೆ ಸಿಕ್ಕು ಸತ್ತ ದಿನ ಅವ್ವ ಹಾಡಿದ ಪದ. ಹಿಂದೆ ಕೊಳಲು ಬೇರೆ ಸೇರಿಸಿದ್ದಾರೆ. ಕೆಳಗೆ ಹೆಸರು — ಡಾ. ಅಮರೇಶ, ಅಳಿವಿನಂಚಿನ ಭಾಷೆಗಳ ಸಂಶೋಧಕರು. ನಮ್ಮ ಮಾತು ಬರೆದುಕೊಳ್ಳಲು ಓಣಿಗೆ ಬರುತ್ತಿದ್ದವನು, ಅಣ್ಣನ ಮಣ್ಣಿಗೂ ಬಂದಿದ್ದ ಮನುಷ್ಯ. ಅಂಗಿಯ ಜೇಬಿನಲ್ಲಿ ಮೊಬೈಲಿನ ರೆಕಾರ್ಡಿಂಗ್ ಆನ್ ಮಾಡಿಕೊಂಡು ನಮ್ಮ ಜೊತೆ ಅಳುತ್ತ ಕೂತಿದ್ದ!

"ಭಾಳ ಛಲೋ ಹಾಡ್ಯಾರ ನೋಡವಾ, ಯಾರೋ ಏನೋ," ಎಂದಳು ಗುಲ್ಶನ. ಪಾಪ, ಅವಳಿಗೇನು ಗೊತ್ತು.

ನವೆಂಬರ್ 13

ಅವ್ವನಿಗೆ ಮೊದಲೇ ಗೊತ್ತಿದೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದ್ದಾಳೆ. ನನಗೆ ಹೇಳದೆ ನುಂಗಿಕೊಂಡಿದ್ದಾಳೆ. ಊಟ ಬಿಟ್ಟಿದ್ದು ಅವತ್ತಿನಿಂದಲೇ. ನಾನು ಪಿತ್ತ ಅಂದುಕೊಂಡಿದ್ದೆ, ಪೆದ್ದಿ.

ಅದು ಕೇಳಿ ಖುಷಿಪಡುವ ಪದವಲ್ಲ. ಓಣಿಯಲ್ಲಿ ಯಾರೇ ಸತ್ತರೂ ಹಾಡುವವಳು ಯಂಕವ್ವ, ನಮ್ಮವ್ವ. ಸತ್ತವರ ಹೆಸರು, ಅವರ ತಾಯಿಯ ಹೆಸರು ಹಿಡಿದು ಕರೆಯುತ್ತಾಳೆ. ನಿನ್ನ ಅನ್ನದ ಋಣ ತೀರಿತು, ಹೊಸ್ತಿಲು ದಾಟು, ತಿರುಗಿ ನೋಡಬೇಡ ಅನ್ನುತ್ತಾಳೆ. ಮುಗಿದ ಮೇಲೆ ಸತ್ತವರು ಉಣ್ಣುತ್ತಿದ್ದ ಗಂಗಾಳ ಬೋರಲು ಹಾಕುತ್ತೇವೆ. ಹೆಣ ಎದುರಿಗಿಲ್ಲದೆ ಆ ಪದ ಬಾಯಿಗೆ ಬರುವಂತಿಲ್ಲ.

"ನಾ ಒಂದ ಸಲ ಹೊರಗ ಕಳಿಸೀನಿ ನನ್ನ ಮಗನ್ನ. ಇವರು ದಿನಾ ಹೊರಗ ಹಾಕಾಕತ್ಯಾರ," ಅಂದಳು. ಹೇಳಿದ್ದು ನಮ್ಮ ಮನೆಮಾತಿನಲ್ಲಿ. ಅದಕ್ಕೆ ಅಕ್ಷರವಿಲ್ಲ, ಕನ್ನಡದಲ್ಲಿ ಬರೆದಿದ್ದೇನೆ.

ಅಮರೇಶನಿಗೆ ಫೋನ್ ಮಾಡಿದೆ. ಆ ವಿಡಿಯೊ ತೆಗೆದುಹಾಕಿರಿ ಸರ್ ಅಂದೆ. "ಹೆಂಗ ತಗೀಲವಾ? ಅದು ದಾಖಲೆ. ನಾಳೆ ನಿಮ್ಮ ಭಾಷಾ ಉಳಿಯಂಗಿಲ್ಲ, ನನ್ನ ವಿಡಿಯೊ ಉಳಿತೈತಿ," ಅಂದ. ನಕ್ಕ ಬೇರೆ.

ಇರಲಿ ಮಗನೇ.

ನವೆಂಬರ್ 24

ಅವನೇ ಬಂದ. ಕಾರಿನಲ್ಲಿ, ಹಣ್ಣಿನ ಬುಟ್ಟಿ ಹಿಡಿದು. ಹೊಸ ಪ್ರಾಜೆಕ್ಟ್ ಅಂತೆ. ಸಮುದಾಯದವರನ್ನು ಕೂಡಿಸಿಕೊಂಡೇ ಮಾಡಬೇಕು ಎಂದು ಮೇಲಿನವರ ಕಂಡೀಷನ್. ಮುಂದಿನ ತಿಂಗಳು ಕೊಪ್ಪಳದಲ್ಲೇ ಕಾರ್ಯಕ್ರಮ. ಅವ್ವ ಸ್ಟೇಜಿನ ಮೇಲೆ ಅದೇ ಪದ ಹಾಡಬೇಕು. ನಾನು 'ಸಮುದಾಯ ಸಂಶೋಧಕಿ'! ಇಷ್ಟು ವರ್ಷದಿಂದ ನಮ್ಮ ಭಾಷೆ ಉಳಿಸುತ್ತಿರುವವನಿಗೆ ಅದರಲ್ಲಿ ನೀರು ಕೇಳಲೂ ಬರುವುದಿಲ್ಲ. ಪ್ರತಿಯೊಂದಕ್ಕೂ ನನ್ನನ್ನೇ ಅರ್ಥ ಕೇಳುತ್ತಾನೆ.

ಹೊರಗೆ ಅಟ್ಟಬೇಕು ಅನ್ನಿಸಿತ್ತು. ಅಷ್ಟರಲ್ಲಿ ಅವ್ವನ ಅಕ್ಕ, ದೊಡ್ಡವ್ವ ಪಕ್ಕೀರವ್ವ, ಮೂಲೆಯಿಂದ ನಮ್ಮ ಮಾತಿನಲ್ಲಿ ಅಂದಳು: "ಹಾಡ್ತೀವಿ ಅನ್ನು. ಖಾಲಿ ಪದ ಹಾಡಾಕ ಬರಂಗಿಲ್ಲ, ಒಂದು ಹೆಸರು ಬೇಕು ಅನ್ನು."

ಹಾಗೆಯೇ ಹೇಳಿದೆ. ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ. "ನನ್ನ ಹೆಸರ ಹಾಕ್ರಿ. ಡೆಮೊ ಅಲ್ಲೇನು?"

ಹಣ್ಣನ್ನು ಯಾರೂ ಮುಟ್ಟಲಿಲ್ಲ. ಆಡಿನ ಮುಂದೆ ಸುರಿದೆ.

ನವೆಂಬರ್ 25

ದೊಡ್ಡವ್ವನ ಹತ್ತಿರ ಕೂತು ಎಲ್ಲ ಕೇಳಿಕೊಂಡೆ. ಬದುಕಿರುವವರಿಗೂ ಹಾಡಿದ್ದುಂಟು. ಅವಳ ಅಜ್ಜನ ಕಾಲದಲ್ಲಿ, ನಮ್ಮವರನ್ನೇ ಪೊಲೀಸರಿಗೆ ಹಿಡಿದುಕೊಟ್ಟ ಒಬ್ಬನಿಗೆ. ಓಣಿಯವರೆಲ್ಲ ಗಂಗಾಳ ಬೋರಲು ಹಾಕಿದರೆ ಅವನು ನಮ್ಮ ಪಾಲಿಗೆ ಸತ್ತ. ಮಾತಿಲ್ಲ, ನೀರಿಲ್ಲ. ಎದುರು ಬಂದರೂ ಕಾಣಲಿಲ್ಲ ಅನ್ನುವಂತೆ ನಡೆಯಬೇಕು. ವಾಪಸ್ ಕರೆಯುವ ಪದ ನಮ್ಮಲ್ಲಿ ಇಲ್ಲವೇ ಇಲ್ಲ.

ಅವ್ವ ಬೇಡ ಅಂದಳು. ಅಮರೇಶನೂ ಒಬ್ಬ ತಾಯಿಯ ಮಗ ಅಂದಳು. ಸಿಟ್ಟು ನೆತ್ತಿಗೇರಿತು. ಮೊಬೈಲಿನಲ್ಲಿ ಆ ವಿಡಿಯೊ ಹಾಕಿದೆ. ಕಿವಿ ಮುಚ್ಚಿಕೊಂಡಳು. ನಾನು ನಿಲ್ಲಿಸಲಿಲ್ಲ. ಕೈ ಹಿಡಿದು ಬಿಡಿಸಿ, ಪೂರ್ತಿ ಕೇಳಿಸಿದೆ.

ಹಾಡುತ್ತೇನೆ ಅಂದಳು.

ಡಿಸೆಂಬರ್ 14, ಭಾನುವಾರ

ಗೆದ್ದೆ!

ಓಣಿಯವರೆಲ್ಲ ಬಾಡಿಗೆ ಕ್ರೂಸರ್ ಗಾಡಿ ಮಾಡಿಕೊಂಡು ಹೋದೆವು. ಚೀಲದಲ್ಲಿ ಎಲ್ಲರದೂ ಒಂದೊಂದು ಗಂಗಾಳ. ಊಟಕ್ಕೆ ತಂದಿರಬೇಕು ಅಂದುಕೊಂಡು ಬಾಗಿಲಲ್ಲಿದ್ದ ಹುಡುಗಿ ನಕ್ಕಳು. ಸ್ಟೇಜಿನ ಮೇಲೆ ಅವ್ವ ಅಮರೇಶನನ್ನು ಕನ್ನಡದಲ್ಲೇ ಕೇಳಿದಳು, ಮೈಕಿನಲ್ಲಿ:

"ಖರೇನ ಹಾಡ್ಲೇನ್ರಿ?"

"ಹಾಡ್ರಿ ಅಮ್ಮಾ."

"ನಿಮ್ಮ ತಾಯಿ ಹೆಸರೇನ್ರಿ?"

"ಬಸಲಿಂಗಮ್ಮ ಅಂತ್ರಿ."

"ಅದಾರೇನ್ರಿ?"

"ಅದಾರ್ರಿ. ಕುಷ್ಟಗಿಯಾಗ ಅದಾರ."

ಅವ್ವ ಸಭೆಯಲ್ಲಿ ನನ್ನನ್ನು ಹುಡುಕಿದಳು. ಕೆಳಗಿನಿಂದ ನಾನು ದಿಟ್ಟಿಸಿ ನೋಡಿದೆ. ಆಗ ಶುರು ಮಾಡಿದಳು — ಅಮರೇಶಾ, ಬಸಲಿಂಗಮ್ಮನ ಮಗನೇ...

ಅಣ್ಣನಿಗೆ ಹಾಡುವಾಗ ದನಿ ಒಡೆದಿತ್ತು. ಇವತ್ತು ಒಡೆಯಲಿಲ್ಲ. ತನ್ನ ಹೆಸರು ಬಂದಾಗಲೆಲ್ಲ ಅವನು ಕ್ಯಾಮೆರಾ ಕಡೆ ನೋಡಿ ತಲೆದೂಗಿದ. ಮುಗಿದೊಡನೆ ನಾವೆಲ್ಲ ಎದ್ದು ಗಂಗಾಳ ನೆಲಕ್ಕೆ ಬೋರಲು ಹಾಕಿದೆವು. ಸಭೆಯೇ ಬೆಚ್ಚಿತು. "ಎಂಥಾ ಅದ್ಭುತ ಆಚರಣೆ, ಚಪ್ಪಾಳೆ ಹೊಡೀರಿ!" ಅಂದ. ಹೊಡೆದರು.

ಊಟದ ಹೊತ್ತಿಗೆ ಒಬ್ಬೊಬ್ಬರನ್ನೂ ಮಾತಾಡಿಸಿದ. ಯಾರೂ ತುಟಿ ಎರಡು ಮಾಡಲಿಲ್ಲ. "ಸಹನಾ, ಏನಾತು ಇವರಿಗೆ?" ಅವನ ಹಿಂದಿದ್ದ ಗೋಡೆ ನೋಡುತ್ತ ದಾಟಿ ಹೋದೆ. ಕ್ರೂಸರ್ ಹತ್ತಿದ ಮೇಲೆ ಪದದ ಅರ್ಥ ವಾಟ್ಸಾಪ್ ಮಾಡಿದೆ. ಸಾಲು ಸಾಲು, ತಪ್ಪಿಲ್ಲದೆ. ಬದುಕಿದ್ದವನಿಗೆ ಹಾಡಿದರೆ ಏನು ಅನ್ನುವುದನ್ನೂ ಬರೆದೆ.

ನೀಲಿ ಟಿಕ್ ಬಿತ್ತು.

ಡಿಸೆಂಬರ್ 16

ಅಣ್ಣನ ವಿಡಿಯೊ ತೆಗೆದುಹಾಕಿದ್ದಾನೆ. ಹುಡುಕಿದೆ, ಎಲ್ಲೂ ಇಲ್ಲ. ಮೇಲಿಂದ ಮೇಲೆ ಅವನ ಫೋನು. ಎತ್ತಲಿಲ್ಲ. ಸತ್ತವರ ಫೋನು ಯಾರು ಎತ್ತುತ್ತಾರೆ?

ಸಿಕ್ಕು ಇವತ್ತು ಸರಸರ ಬಿಟ್ಟಿತು. "ಏನವಾ, ಮದಿವಿ ಗೊತ್ತಾತೇನು?" ಅಂತ ಗುಲ್ಶನ ಕಾಡಿಸಿದಳು. ಮನೆಯಲ್ಲಿ ಅವ್ವ ಮಾತ್ರ ಊಟ ಮಾಡಲಿಲ್ಲ.

ಡಿಸೆಂಬರ್ 21

ಬಸಲಿಂಗಮ್ಮ ಬಂದಿದ್ದಳು. ಕುಷ್ಟಗಿಯಿಂದ ಬಸ್ಸಿಗೆ, ಒಬ್ಬಳೇ. ಅವ್ವನ ಎದುರು ನೆಲದ ಮೇಲೇ ಕೂತಳು.

"ನನ್ನ ಹೆಸರು ಹಿಡದು ನನ್ನ ಮಗನ್ನ ಕಳಿಸೀರಂತಲ್ರೆವಾ. ತಪ್ಪು ಮಾಡ್ಯಾನ, ವಿಡಿಯೊ ತಗದು ಹಾಕ್ಯಾನ. ಹೊಳ್ಳಿ ಕರೀರಿ. ಅದೆಲ್ಲಾ ಸುಳ್ಳು ಅಂತಾನ ಬಾಯಿಲೆ, ಆದ್ರ ಗಂಗಾಳದ ಮುಂದ ಕುಂತು ಉಣವಲ್ಲ."

ಒಳಗೊಳಗೇ ಹಿಗ್ಗಿದೆ. ಉಣದೆ ಸಾಯಲಿ.

"ನಿನ್ನ ಮಗಾ ಸಂಜಿಗೆ ಮನಿಗೆ ಬರ್ತಾನೇನವಾ?" ಅವ್ವ ಕೇಳಿದಳು.

"ಬರ್ತಾನ."

"ಹಂಗಾರ ಬಾಗಿಲಾ ತಗೀ. ಅದಕ್ಕಿಂತ ದೊಡ್ಡ ಪದ ನನ್ನ ಕಡೆ ಇಲ್ಲ."

ಮುದುಕಿ ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ನೀರು ಕೇಳಿದಳು. ಮಗನಿಗೆ ಇಲ್ಲದ ನೀರು ಇವಳಿಗೆ ಯಾಕೆ? ನಾನು ಏಳಲಿಲ್ಲ. ಅವ್ವ ನನ್ನ ಮುಖ ನೋಡಿದಳು. ಆಗಲೂ ಏಳಲಿಲ್ಲ. ಬಂದ ದಾರಿ ಹಿಡಿರಿ ಅಂದೆ.

ಅವ್ವ ಗೋಡೆ ಹಿಡಿದು ಎದ್ದಳು. ತಂಬಿಗೆ ತುಂಬಿ ಅವಳ ಕೈಗೆ ಕೊಟ್ಟಳು. ನನ್ನ ಕಡೆ ತಿರುಗಿದಳು. ನಮ್ಮ ಮಾತಿನಲ್ಲಿ, ಮೆಲ್ಲಗೆ, ಆ ಪದದ ಧಾಟಿಯಲ್ಲೇ —

ಸಹನಾ, ಯಂಕವ್ವನ ಮಗಳೇ —