ತೂಬು ತೆಗೆದವರು

ಫೆಬ್ರವರಿ ೧೦
ಇವತ್ತು ಗರ್ಭಿಣಿಯರ ತಪಾಸಣೆ. ಬೆಂಚು ಸಾಲದೆ ಕೆಲವರು ಮೆಟ್ಟಿಲ ಮೇಲೆ. ಬಿಪಿ ಪಟ್ಟಿ ಸರಿಯಾಗಿ ಅಂಟುತ್ತಿಲ್ಲ, ಪ್ಲಾಸ್ಟರ್ ಸುತ್ತಿ ಕೆಲಸ ಸಾಗಿಸಿದೆ. ಅರ್ಧಕ್ಕರ್ಧ ಜನಕ್ಕೆ ಬಿಪಿ ಜಾಸ್ತಿ. ಎಲ್ಲರಿಗೂ ಅದೇ ಪಾಠ ಒಪ್ಪಿಸಿದೆ — ಉಪ್ಪು ಕಡಿಮೆ ಮಾಡಿ. ಬಲೆ ಹೆಣೆಯುವವರ ಮನೆಯ ಸೊಸೆ ನಕ್ಕುಬಿಟ್ಟಳು. ಗುಬ್ಬಿ ಅಂತ ಬೀದಿಯೆಲ್ಲ ಕರೆಯುತ್ತದೆ ಅವಳನ್ನು, ಅಷ್ಟು ಸಣ್ಣ ಆಳು. "ಸಿಸ್ಟರ್, ಅನ್ನಕ್ಕೆ ಉಪ್ಪು ಹಾಕೋದು ಬಿಟ್ಟು ಎಷ್ಟೋ ಕಾಲ ಆಯ್ತು. ಬಾವಿ ನೀರೇ ಹಾಕ್ಕೊಡುತ್ತಲ್ಲ."
ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದು ಪೇಟೆಯ ಕ್ಯಾನ್ ಬಗ್ಗಿಸಿ ಸಿಹಿನೀರು ಕುಡಿದೆ.

ಫೆಬ್ರವರಿ ೧೧
ಡಾಕ್ಟರನ್ನು ಕೇಳಿದೆ. ನೀರೇ ಕಾರಣ, ಅನುಮಾನ ಬೇಡ ಅಂದರು. ಮೇಲಿನವರಿಗೆ ಹೇಳಿ ಹೇಳಿ ಅವರ ಬಾಯಿ ಒಣಗಿದೆ.
ಇದರಲ್ಲಿ ಗುಟ್ಟೇನೂ ಇಲ್ಲ. ಹಿನ್ನೀರಿನ ಬಾಯಲ್ಲಿ ತೂಬಿದೆ. ಉಬ್ಬರದಲ್ಲಿ ಹಲಗೆ ಇಳಿಸಿ ಸಮುದ್ರವನ್ನು ತಡೆಯಬೇಕು, ಇಳಿತದಲ್ಲಿ ಎತ್ತಬೇಕು. ಭಾವನ ಸೀಗಡಿ ಹೊಂಡಗಳು ಬಂದ ಮೇಲೆ ಹಲಗೆ ಇಳಿದದ್ದೇ ಇಲ್ಲ. ಸೀಗಡಿಗೆ ಉಪ್ಪುನೀರು ಬೇಕು. ಅದೇ ನೀರು ಬಾವಿಗಳಿಗೂ ಇಳಿಯುತ್ತಿದೆ. ಭಾವ ಊರಿನ ಪಂಚಾಯ್ತಿ ಅಧ್ಯಕ್ಷರು. ಹೊಂಡವೂ ಅವರದು, ತೂಬೂ ಅವರ ಕೈಲಿ. ಹೊಂಡ ನೋಡಿಕೊಳ್ಳುವುದು ಇವರು, ನನ್ನ ಗಂಡ, ಅಣ್ಣ ಹಾಕಿದ ಗೆರೆ ದಾಟದ ತಮ್ಮ. ನಮ್ಮಿಬ್ಬರ ಮನೆಗೆ ಮಾತ್ರ ಪೇಟೆಯಿಂದ ಕ್ಯಾನ್ ನೀರು.
ಮದುವೆಯಾದ ಮೇಲೂ ನರ್ಸಿಂಗ್ ಓದು ನಿಲ್ಲಿಸಬೇಡ ಅಂದದ್ದು ಇದೇ ಭಾವ. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ ಉರಿಯುತ್ತದೆ.

ಫೆಬ್ರವರಿ ೧೯
ಗುಬ್ಬಿಯ ಕಾಲು ಊದಿಕೊಂಡಿದೆ. ಒಂದು ವಾರದಿಂದ ನಮ್ಮ ಕ್ಯಾನ್ ನೀರು ಅವಳಿಗೆ ಕಳಿಸುತ್ತಿದ್ದೆ. ಇವತ್ತು ಭಾವ ಅಂಗಳದಲ್ಲೇ ನಿಂತು, ಮೆತ್ತಗೆ, ಮಗುವಿಗೆ ಬುದ್ಧಿ ಹೇಳುವ ಹಾಗೆ — "ಒಬ್ಬಳಿಗೆ ಕೊಟ್ರೆ ಬೀದಿ ಪೂರ್ತಿ ಕೇಳುತ್ತೆ, ಕಣಮ್ಮ. ಕ್ಯಾನ್ ಇನ್ಮೇಲೆ ಮನೆಯಿಂದ ಹೊರಗೆ ಹೋಗೋದು ಬೇಡ."
ಇವರು ತಲೆ ತಗ್ಗಿಸಿ ಬೈಕ್ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸಿದರು.

ಮಾರ್ಚ್ ೪
ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.
ಬೆಳಿಗ್ಗೆ ಗುಬ್ಬಿಯನ್ನು ಅವಳ ಅತ್ತೆ ಎತ್ತಿಕೊಂಡೇ ಬಂದಳು. ಕಣ್ಣು ಮಂಜು, ತಲೆ ಸಿಡಿಯುತ್ತಿದೆ ಅನ್ನುತ್ತಿದ್ದಳು. ಬೆಡ್ ಮೇಲೆ ಮಲಗಿಸುವಷ್ಟರಲ್ಲಿ ಫಿಟ್ಸ್. ಮಗ್ಗುಲಿಗೆ ತಿರುಗಿಸಿ ಹಿಡಿದೆವು, ಡಾಕ್ಟರಿಗೆ ಫೋನ್ ಮಾಡಿ ಇಂಜೆಕ್ಷನ್ ಕೊಟ್ಟೆ. ದೊಡ್ಡಾಸ್ಪತ್ರೆಗೆ ಹೊರಟರೆ ರಸ್ತೆ ನೀರಲ್ಲಿ. ಉಬ್ಬರ. ಮೊದಲೆಲ್ಲ ಆ ನೀರು ಚರಂಡಿಯಲ್ಲಿ ಹರಿದು ಹೋಗುತ್ತಿತ್ತು. ಈಗ ಚರಂಡಿ ಇದ್ದಲ್ಲಿ ಹೊಂಡದ ಏರಿ. ಆಂಬುಲೆನ್ಸ್ ಆ ಕಡೆ, ನಾವು ಈ ಕಡೆ. ನೀರು ಇಳಿಯುವವರೆಗೂ ಕಾದೆವು. ಅವಳ ಅತ್ತೆ ನೀರನ್ನು ಬೈಯುತ್ತಿದ್ದಳು, ಹೆಸರು ಹಿಡಿದು ಬೈದ ಹಾಗೆ.
ಗುಬ್ಬಿ ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣು.

ಮಾರ್ಚ್ ೧೪
ಗುಬ್ಬಿಯ ಸಿಸೇರಿಯನ್ ಹೊಲಿಗೆ ನಾನೇ ಬಿಚ್ಚಿದೆ. ಗೋಡೆ ನೋಡುತ್ತಾ ಕೇಳಿದಳು. "ಉಪ್ಪು ಕಡಿಮೆ ಮಾಡು ಅಂದ್ರಿ, ಮೊದ್ಲೇ ಬಿಟ್ಟಿದ್ದೆ. ಇನ್ನೇನು ಬಿಡ್ಬೇಕಿತ್ತು, ಸಿಸ್ಟರ್?"
ಕತ್ತರಿ ತೊಳೆಯುವ ನೆಪದಲ್ಲಿ ಹೊರಗೆ ಬಂದೆ.

ಮಾರ್ಚ್ ೧೭
ಶಾಲೆಯ ಮುಂದೆ ಸಭೆ. ಭಾವನ ಹೆಸರು ದೊಡ್ಡದಾಗಿ ಬರೆಸಿದ ಹೊಸ ನೀರಿನ ಟ್ಯಾಂಕರ್. ವಾರಕ್ಕೊಮ್ಮೆ ಬರುತ್ತದಂತೆ. ಗುಬ್ಬಿಯ ಮಗುವಿನ ಹೆಸರಲ್ಲಿ ಒಂದು ನಿಮಿಷ ಮೌನ ಬೇರೆ. ಆಮೇಲೆ ಭಾಷಣ. ಪ್ರಪಂಚದಲ್ಲೆಲ್ಲ ಸಮುದ್ರ ಏರುತ್ತಿದೆ, ದೊಡ್ಡ ದೊಡ್ಡ ದೇಶಗಳೇ ಕೈಚೆಲ್ಲಿವೆ, ನಾವು ಯಾರನ್ನು ದೂರೋಣ ಅಂದರು.
ನಾನು ಎದ್ದದ್ದು ನನಗೇ ಗೊತ್ತಾಗಲಿಲ್ಲ. "ಸಮುದ್ರ ಏರ್ತಾ ಇರೋದು ನಿಜ, ಭಾವ. ಅದಕ್ಕೇ ತೂಬು ಮುಚ್ಬೇಕಿತ್ತು. ನೀವು ತೆಗೆದಿಟ್ಟು ಮನೆಯೊಳಕ್ಕೆ ಕರೆದ್ರಿ."
ಮನೆ ಮಾತು ಮನೇಲಿ ಆಡೋಣ ಅಂದರು, ನಗುತ್ತಲೇ. ಸತ್ತದ್ದು ಯಾರ ಮನೇಲಿ ಅಂತ ಗುಬ್ಬಿಯ ಅತ್ತೆ ಹಿಂದಿನಿಂದ ಕೇಳಿದಳು. ಆಗ ನಗು ನಿಂತಿತು.
ಸೀದಾ ತೂಬಿಗೆ ನಡೆದೆವು, ಹೆಂಗಸರೆಲ್ಲ. ಹಲಗೆಗಳೇ ಇಲ್ಲ. ಸೀಗಡಿ ಮೇವಿನ ಶೆಡ್ಡಿಗೆ ಗೋಡೆಯಾಗಿ ಹೊಡೆದು ಬಿಟ್ಟಿದ್ದಾರೆ. ಗುಬ್ಬಿಯ ಅತ್ತೆ ಮನೆಗೆ ಹೋದಳು. ವಾಪಸು ಬರುವಾಗ ತಲೆ ಮೇಲೆ ಮನೆಯ ಬಾಗಿಲು. "ಕದಿಯೋಕೆ ಇನ್ನೇನು ಉಳಿದಿದೆ" ಅಂದಳು. ಅದನ್ನು ನೋಡಿ ಒಬ್ಬಳು ಮಂಚದ ಹಲಗೆ ತಂದಳು. ಒಬ್ಬಳು ಶಾಲೆಯ ಒಡಕು ಬ್ಲಾಕ್‌ಬೋರ್ಡ್. ಭಾವನದೇ ಖಾಲಿ ಮೇವಿನ ಚೀಲಗಳಿಗೆ ಕೆಸರು ತುಂಬಿ ಒತ್ತಿದೆವು. ಯೂನಿಫಾರ್ಮ್‌ನಲ್ಲೇ ಸೊಂಟದವರೆಗೆ ನೀರಲ್ಲಿ ನಿಂತಿದ್ದೆ. ಉಬ್ಬರ ಬಂತು. ಬಾಗಿಲಿಗೆ ಬಡಿಯಿತು. ಒಳಗೆ ಬರಲಿಲ್ಲ.

ಮಾರ್ಚ್ ೨೧
ಹೊಂಡಗಳು ತಳ ಕಾಣುತ್ತಿವೆ. ಸೀಗಡಿ ಸಾಯುತ್ತಿದೆ, ನಾತ ಇಲ್ಲಿಯವರೆಗೆ. ಇವರು ಊಟ ಬಿಟ್ಟಿದ್ದಾರೆ. ಅಣ್ಣ ಮುಳುಗಿದರೆ ನಾವೂ ಮುಳುಗಿದ ಹಾಗೇ, ಅನ್ನ ಹಾಕಿದ ಕೈಗೇ ನೀನು ಕಚ್ಚಿದೆ ಅಂದರು. ನನಗೂ ತಡೆಯಲಿಲ್ಲ.
"ಆವತ್ತು ಗುಬ್ಬಿನ ರಸ್ತೇಲಿ ಮಲಗಿಸ್ಕೊಂಡು ಕೂತಿದ್ವಲ್ಲ. ಆ ಏರಿ ಕಟ್ಟಿಸಿದ್ದು ಯಾರು?"
"ನಾನೇ ನಿಂತು ಕಟ್ಟಿಸ್ದೆ," ಅಂದರು.
ದಿಂಬು ತೆಗೆದುಕೊಂಡು ಜಗಲಿಗೆ ಹೋದರು.

ಮಾರ್ಚ್ ೨೪
ವರ್ಗಾವಣೆ ಆದೇಶ ಬಂತು. ಎಲ್ಲೋ ಒಳನಾಡಿಗೆ. ಹಿಂದೆಯೇ ಭಾವ ಕ್ಲಿನಿಕ್ಕಿಗೆ ಬಂದರು, ಗರ್ಭಿಣಿಯರ ಬೆಂಚಿನ ಮೇಲೆಯೇ ಕೂತರು. ನಾನು ತೂಬು ತೆರೆಸಿದರೆ ಆದೇಶ ವಾಪಸು ತೆಗೆಸುತ್ತಾರಂತೆ. ದನಿ ಇನ್ನೂ ಅಷ್ಟೇ ಮೆತ್ತಗೆ. ಆ ಮೆತ್ತನೆ ದನಿಗೇ ಮೈಯೆಲ್ಲ ಉರಿಯಿತು.
"ನಾನು ಹೋದ್ರೂ ಅದು ಮುಚ್ಚೇ ಇರುತ್ತೆ, ಭಾವ. ಬಾಗಿಲು ಕೊಟ್ಟಿರೋದು ನಾನಲ್ಲ."
ನಾಳೆ ಜೆಸಿಬಿ ಕಳಿಸುತ್ತೇನೆ ಅಂತ ಹೇಳಿ ಎದ್ದು ಹೋದರು.

ಮಾರ್ಚ್ ೨೫, ಬೆಳಿಗ್ಗೆ ಹತ್ತು, ಏರಿಯ ಮೇಲೆ
ಜೆಸಿಬಿ ಬಂದಿದೆ. ನಾವು ತೂಬಿನ ಮುಂದೆ ಸಾಲಾಗಿ ಕೂತಿದ್ದೇವೆ. ಡ್ರೈವರ್ ನೋಡಿದ, ಎಂಜಿನ್ ಆಫ್ ಮಾಡಿದ, ಹೆಂಗಸರ ಮೇಲೆ ಓಡಿಸಲಾರೆ ಅಂದ. ಭಾವ ಪೊಲೀಸರಿಗೆ ಫೋನ್ ಮಾಡಿ ದೂರದಲ್ಲಿ ನಿಂತಿದ್ದಾರೆ. ಕಾಯುತ್ತಾ ಬರೆಯುತ್ತಿದ್ದೇನೆ. ಗುಬ್ಬಿಯೂ ಬಂದಿದ್ದಾಳೆ, ಬೇಡ ಅಂದರೂ. ಪಕ್ಕದಲ್ಲೇ ಕೂತಿದ್ದಾಳೆ, ಅಂಟಿಕೊಂಡು.
ಇವರು ಅಣ್ಣನ ಪಕ್ಕ ನಿಂತಿದ್ದರು ಇಷ್ಟು ಹೊತ್ತು. ಈಗ ನಡೆದು ಬರುತ್ತಿದ್ದಾರೆ. ಭಾವ ಹಿಂದಿನಿಂದ ಕೂಗುತ್ತಿದ್ದಾರೆ. ಮೊದಲ ಸಲ ಕೇಳಿದೆ ಅವರ ಗಟ್ಟಿ ದನಿ. ನನ್ನನ್ನು ಎಬ್ಬಿಸಲು ಬಂದರು ಅಂದುಕೊಂಡೆ... ಇಲ್ಲ. ಸಾಲಿನ ಕೊನೆಗೆ ಹೋಗಿ, ಸ್ವಲ್ಪ ಜಾಗ ಬಿಟ್ಟು, ಚಪ್ಪಲಿ ಕಳಚಿ ಕೂತರು. ನನ್ನ ಕಡೆ ನೋಡುತ್ತಿಲ್ಲ.
ಪೊಲೀಸ್ ಜೀಪು ಬಂತು. ಇಳಿಯುತ್ತಿದ್ದಾರೆ. ಎದ್ದೇಳಿ ಅನ್ನುತ್ತಿದ್ದಾರೆ. ಯಾರೂ ಏಳುತ್ತಿಲ್ಲ. ಇವರೂ ಕೂತೇ ಇದ್ದಾ—